ಮೂರ್ನಿಮಿಷದಕ್ಕನ ಕೈ

ಒಂದು ಕಾಗದದ ಮೇಲಿನ ಸಿಟ್ಟು ಹನ್ನೊಂದು ವರ್ಷವಾದರೂ ನನಗೆ ಇಳಿದಿಲ್ಲ. ಕಾಗದ ನನ್ನದಲ್ಲ. ನಾನು ದುಡಿಯುತ್ತಿದ್ದ ಟೊಮೆಟೊ ಸಾಸಿನ ಕಾರ್ಖಾನೆಯವರು, ಅಲ್ಲೇ ಇಪ್ಪತ್ತಾರು ವರ್ಷ ಬೆವರು ಸುರಿಸಿದ ಒಬ್ಬ ಹೆಂಗಸಿನ ಕೈಗೆ ಕೊಟ್ಟು ಗೇಟಿನಾಚೆ ಕಳಿಸಿದ ಕಾಗದ. ಟೈಪ್ ಮಾಡಿದ ಏಳು ಸಾಲು. ಮೊದಲ ಆರರಲ್ಲಿ ತಾರೀಕು, ನಂಬರು, ಆ ನಿಯಮ, ಈ ನಿಯಮ. ಏಳನೆಯದು ಹೀಗಿದೆ: "ಸದರಿ ಕೆಲಸಗಾರ್ತಿಯ ಕೈಗಳು ಶುಚಿಯಾಗಿಲ್ಲದ ಕಾರಣ ಮಾಲು ಕೆಟ್ಟಿರುವುದು ವಿಚಾರಣೆಯಿಂದ ಸಾಬೀತಾಗಿರುತ್ತದೆ."

ಕೈ ಶುಚಿಯಿಲ್ಲವಂತೆ! ಆ ಕೈಯನ್ನು ಇವರು ಒಂದು ದಿನವಾದರೂ ಹತ್ತಿರದಿಂದ ನೋಡಿದ್ದರೇ? ಉಗುರನ್ನು ಮಾಂಸದ ಮಟ್ಟಕ್ಕೆ ಕತ್ತರಿಸಿಕೊಂಡು, ಮೊಣಕೈವರೆಗೆ ಸೋಪು ಹಚ್ಚಿಕೊಂಡು ಅವಳು ಎಷ್ಟು ತೊಳೆದಿದ್ದಳೆಂದರೆ ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು. ಹಾಜರಿಗೆ ಬೆರಳು ಒತ್ತುವ ಯಂತ್ರ ತಂದಾಗ ಅದು ಎಲ್ಲರ ಬೆರಳನ್ನೂ ಒಪ್ಪಿತು, ಅವಳದನ್ನು ಒಪ್ಪಲಿಲ್ಲ. ಪೆನ್ನು ಹಿಡಿದು ನಿಂತಿದ್ದ ಗುಮಾಸ್ತನಿಗೆ, "ಬರ್ಕೊಳ್ಳಪ್ಪ, ಬೆರಳು ತೊಳೆದು ತೊಳೆದು ಕಳ್ಕೊಂಡಿದಾಳೆ ಅಂತ" ಅಂದಿದ್ದಳು. ನಾವೆಲ್ಲ ನಕ್ಕಿದ್ದೆವು. ಅಂಥ ಕೈಗೆ ಈ ಹಣೆಪಟ್ಟಿ.

ಅವಳ ಹೆಸರು ಏನೇ ಇರಲಿ, ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಮೂರ್ನಿಮಿಷದಕ್ಕ. ಯಾಕೆ ಅಂತ ಹೇಳಬೇಕಾದರೆ ಬಿಸಿ ತುಂಬುವ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು.

ಸಾಸು ದೊಡ್ಡ ಕಡಾಯಿಯಲ್ಲಿ ಹಬೆಯಿಂದ ಬೇಯುತ್ತದೆ. ಅಲ್ಲಿಂದ ಕೊಳವೆಯಲ್ಲಿ ಹರಿದು ತುಂಬುವ ನಳಿಕೆಗೆ ಬರುತ್ತದೆ. ಬಾಟಲಿಗೆ ಬೀಳುವಾಗ ಅದು ಕೈ ಸುಡುವಷ್ಟು ಬಿಸಿ ಇರಲೇಬೇಕು, ಎಂಬತ್ತೈದು ಡಿಗ್ರಿಗೆ ಕಡಿಮೆ ಇರಬಾರದು. ಆ ಬಿಸಿಯೇ ಬಾಟಲಿಯೊಳಗಿನ, ಕಣ್ಣಿಗೆ ಕಾಣದ ಹುಳಗಳನ್ನು ಕೊಲ್ಲುತ್ತದೆ. ತುಂಬಿದ ಕೂಡಲೇ ಮುಚ್ಚಳ ತಿರುಗಿಸಿ ಬಾಟಲಿಯನ್ನು ತಲೆಕೆಳಗು ಮಾಡಬೇಕು, ಕುದಿ ಸಾಸು ಮುಚ್ಚಳದ ಒಳಮೈಗೂ ತಾಗಲಿ ಅಂತ. ಹಾಗೆ ಮೂರು ನಿಮಿಷ. ಆಮೇಲೆ ಎತ್ತಿ ನಿಲ್ಲಿಸಿ, ತಣ್ಣೀರಿನ ಸ್ನಾನ. ಇಷ್ಟೇ ವಿದ್ಯೆ. ಇಷ್ಟನ್ನು ಸರಿಯಾಗಿ ಮಾಡಿದರೆ ಸಾಸು ವರ್ಷಗಟ್ಟಲೆ ಕೆಡುವುದಿಲ್ಲ.

ಮೂರು ನಿಮಿಷ ಕಾಯುವುದು ಕೇಳಲು ಸುಲಭ. ದಿನಕ್ಕೆ ಸಾವಿರಾರು ಬಾಟಲಿ ಹಿಂದಿನಿಂದ ನೂಕುತ್ತಿರುವಾಗ ಒಂದು ನಿಮಿಷಕ್ಕೇ ಎತ್ತಿಬಿಡೋಣ ಅನ್ನಿಸುತ್ತದೆ. ಅಕ್ಕ ಬಿಡುತ್ತಿರಲಿಲ್ಲ. ಗಡಿಯಾರ ನೋಡುತ್ತಿರಲಿಲ್ಲ, ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಅವಳ ಗಂಡ ಗಡಿಯಾರ ರಿಪೇರಿಯವನು. "ನಮ್ಮನೇಲಿ ಗೋಡೆ ತುಂಬ ಗಡಿಯಾರ. ಒಂದಕ್ಕೂ ಇನ್ನೊಂದಕ್ಕೂ ಮಾತುಕತೆ ಇಲ್ಲ. ಅದಕ್ಕೇ ನಾನು ಗಡಿಯಾರ ನಂಬಲ್ಲ" ಅನ್ನುತ್ತಿದ್ದಳು. ಎಣಿಸುತ್ತಲೇ ಹರಟೆ ಹೊಡೆಯುತ್ತಿದ್ದಳು, ಎಣಿಸುತ್ತಲೇ ಜಗಳವಾಡುತ್ತಿದ್ದಳು. ಯಾರನ್ನೋ ಬೈಯುತ್ತ ಬೈಯುತ್ತ, ಅರ್ಧ ಬೈಗುಳದಲ್ಲಿ ನಿಲ್ಲಿಸಿ "ಎತ್ರೋ!" ಅಂತ ಕೂಗುತ್ತಿದ್ದಳು. ಒಮ್ಮೆ ನಾನು ಪಂದ್ಯ ಕಟ್ಟಿ ಮೊಬೈಲು ಹಿಡಿದು ನಿಂತು ನೋಡಿದೆ. ಮೂರು ನಿಮಿಷದ ಮೇಲೆ ಎರಡು ಸೆಕೆಂಡು.

"ಎರಡು ಸೆಕೆಂಡ್ ಜಾಸ್ತಿ ಆಯ್ತಲ್ಲಕ್ಕ" ಅಂದೆ.

"ನಿನ್ನ ಮುಖ ನೋಡಿದ್ನಲ್ಲ, ಅದಕ್ಕೆ ಎರಡು ಸೆಕೆಂಡ್ ಹೋಯ್ತು" ಅಂದಳು.

ನನಗೂ ಒಂದು ಹೆಸರಿತ್ತು: ಕುಕ್ಕರ್. ಕಡಾಯಿಯ ಹಬೆ ನೋಡಿಕೊಳ್ಳುವವನು ನಾನು, ಅದಕ್ಕೆ ಅಂತ ಹೊಸಬರು ತಿಳಿದಿದ್ದರು. ನಿಜವಾದ ಕಾರಣ ನನ್ನ ಕೋಪ. ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. ಐದನೇ ಕ್ಲಾಸಿನಲ್ಲಿ ಮೇಷ್ಟರ ಕೈಯ ಬೆತ್ತ ಕಿತ್ತುಕೊಂಡು ಮುರಿದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಕಾರ್ಖಾನೆಯಲ್ಲಿ ನಾನು ಕೂಗಾಡಲು ಶುರುಮಾಡಿದರೆ ಅಕ್ಕ ದೂರದಿಂದಲೇ, "ಏ ಕುಕ್ಕರ್, ಒಂದ್ ವಿಜಿಲ್ ಆಯ್ತು. ಇನ್ನೊಂದಾದ್ರೆ ಕೆಳಗಿಳಿಸ್ತೀನಿ ನೋಡು" ಅನ್ನುತ್ತಿದ್ದಳು. ಬೇರೆ ಯಾರಾದರೂ ಅಂದಿದ್ದರೆ ಹಲ್ಲು ಉದುರುತ್ತಿತ್ತು. ಅವಳು ಅಂದರೆ ನಗು ಬರುತ್ತಿತ್ತು.

ಅಕ್ಕ ಕೆಲಸಕ್ಕೆ ಸೇರಿದ್ದು ಗಾಜಿನ ಬಾಟಲಿಯ ಕಾಲದಲ್ಲಿ. ಕುದಿ ಸಾಸು ಬಿದ್ದರೆ ಹತ್ತಕ್ಕೊಂದು ಸಿಡಿಯುತ್ತಿತ್ತಂತೆ. ಅವಳ ಎಡಗೈಯ ಮೇಲೆ ಮೊಣಕೈನಿಂದ ಮಣಿಕಟ್ಟಿನವರೆಗೆ ಒಂದು ಗಾಯದ ಗೆರೆ ಇತ್ತು. ಪ್ಲಾಸ್ಟಿಕ್ ಬಂದಾಗ ಹೆಂಗಸರೆಲ್ಲ ಕೈ ಮುಗಿದರಂತೆ, ಇನ್ನು ರಕ್ತ ಕಾಣಬೇಕಿಲ್ಲ ಅಂತ. ಆದರೆ ಪ್ಲಾಸ್ಟಿಕ್ಕಿಗೂ ಅದರದೇ ಚಾಳಿ ಇದೆ. ಬಿಸಿಗೆಂದೇ ಮಾಡಿದ ಬಾಟಲಿ ಬೇರೆ, ನೀರಿಗೆ ಎಣ್ಣೆಗೆ ಮಾಡಿದ ಬಾಟಲಿ ಬೇರೆ. ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ಬಿಸಿಯದರ ಕತ್ತು ಹಾಲಿನಂತೆ ಬೆಳ್ಳಗಿರುತ್ತದೆ, ಮೈ ದಪ್ಪ. ಪಕ್ಕದಲ್ಲಿ ಚಪ್ಪಟೆ ಪಟ್ಟಿಗಳಿರುತ್ತವೆ. ಒಳಗಿನ ಸಾಸು ಆರಿ ಕುಗ್ಗಿದಾಗ ಆ ಪಟ್ಟಿಗಳು ಒಳಕ್ಕೆ ಸರಿದು ಬಾಟಲಿಯ ಮಾನ ಉಳಿಸುತ್ತವೆ. ಇನ್ನೊಂದು ಜಾತಿಯದಕ್ಕೆ ಬಿಸಿ ಹಾಕಿ ನೋಡಿ. ಸೊಂಟ ಒಳಗೆ ಹೋಗುತ್ತದೆ, ಕತ್ತು ವಾಲುತ್ತದೆ, ಮುಚ್ಚಳ ಸಡಿಲವಾಗುತ್ತದೆ. ಕುಡಿದು ಮನೆಗೆ ಹೊರಟವನ ಹಾಗೆ ನಿಲ್ಲುತ್ತದೆ.

ಹೊಸ ಲೋಡು ಬಂದಾಗಲೆಲ್ಲ ಅಕ್ಕ ಹತ್ತು ಬಾಟಲಿ ಆರಿಸಿ, ಕುದಿ ಸಾಸು ತುಂಬಿ, ತಲೆಕೆಳಗು ಮಾಡಿ, ತಣ್ಣಗೆ ಮಾಡಿ, ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ನೋಡುತ್ತಿದ್ದಳು. ಪುಸ್ತಕದಲ್ಲಿ ಎರಡೇ ಮಾತು ಬರೆಯುತ್ತಿದ್ದಳು: 'ಆಗಲಿ', ಇಲ್ಲವೇ 'ಬೇಡ'.

ಅವಳಿಂದ ನನಗೂ ಆ ಹುಚ್ಚು ಹತ್ತಿದೆ. ಈಗ ಬೀದಿಯಲ್ಲಿ ಎಲ್ಲಿ ನೋಡಿದರೂ ಹೇಸಿಗೆ. ಕುದಿಯುವ ಸೂಪನ್ನು ತೆಳು ಕವರಿಗೆ ಸುರಿದು, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ. ಕವರು ಮೆತ್ತಗಾಗಿ ಜೋತಾಡುತ್ತಿರುತ್ತದೆ, ಜನ ಅದನ್ನೇ ಬೆರಳಿಗೆ ಸಿಕ್ಕಿಸಿಕೊಂಡು ಮನೆಗೆ ಹೋಗಿ ಮಕ್ಕಳಿಗೆ ಕುಡಿಸುತ್ತಾರೆ. ಹೋಟೆಲಿಗೆ ಹೋದರೆ ನಾನು ಮೊದಲು ಪಾರ್ಸೆಲ್ ಡಬ್ಬಿ ತಿರುಗಿಸಿ ತಳದ ತ್ರಿಕೋನದಲ್ಲಿ ಐದು ಇದೆಯೋ ಒಂದು ಇದೆಯೋ ನೋಡುತ್ತೇನೆ. ಐದಾದರೆ ಬಿಸಿ ತಾಳುತ್ತದೆ. ಒಂದಿದ್ದರೆ ಗಲ್ಲಾದಲ್ಲಿ ಕೂತವನ ಹತ್ತಿರ ಜಗಳ. ನನ್ನ ಹೆಂಡತಿ, "ಊಟಕ್ಕೆ ಬಂದ್ರೋ, ಡಬ್ಬಿ ತಿರುಗಿಸೋಕೆ ಬಂದ್ರೋ? ಇನ್ಮೇಲೆ ನಿಮ್ಮನ್ನ ಮನೇಲಿ ಬಿಟ್ಟು ನಾನೊಬ್ಳೇ ಬರ್ತೀನಿ" ಅನ್ನುತ್ತಾಳೆ. ಅನ್ನಲಿ.

ಈಗ ಗ್ರಾಂ ಸಾಹೇಬರ ವಿಷಯ. ಖರೀದಿಯ ಮುಖ್ಯಸ್ಥರು. ಬಾಯಿ ತೆರೆದರೆ ಗ್ರಾಂ. ಮುಚ್ಚಳದಲ್ಲಿ ಅರ್ಧ ಗ್ರಾಂ, ಚೀಟಿಯಲ್ಲಿ ಕಾಲು ಗ್ರಾಂ. ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಕೈಗೆ ಅಭ್ಯಾಸವಾಗಿದೆ ಅಷ್ಟೇ, ಮನಸ್ಸಿನಿಂದ ಬಂದದ್ದಲ್ಲ. ಅವರು ಒಂದು ದಿನ ಹೊಸ ಬಾಟಲಿಯ ಲೋಡು ತರಿಸಿದರು. ಹಳೆಯದಕ್ಕಿಂತ ಎಂಟು ಗ್ರಾಂ ಹಗುರ. ಕತ್ತು ಗಾಜಿನ ಹಾಗೆ ಪಾರದರ್ಶಕ. ಅಕ್ಕ ಕತ್ತನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿಯೇ ಮುಖ ಸಿಂಡರಿಸಿದಳು. ಆದರೂ ಹತ್ತು ತುಂಬಿದಳು. ಏಳು ಸೊಟ್ಟಗಾದವು.

ಗ್ರಾಂ ಸಾಹೇಬರು ಬಂದರು. "ಏನಮ್ಮಾ, ಹೊಸ ಬಾಟಲಿ ಚೆನ್ನಾಗಿಲ್ವಾ?"

"ಚೆನ್ನಾಗಿದೆ ಸಾರ್. ನೀರು ತುಂಬೋಕೆ."

"ಹತ್ರಲ್ಲಿ ಮೂರು ನೆಟ್ಟಗಿದೆಯಲ್ಲ?"

"ಹತ್ತು ಮಕ್ಕಳಲ್ಲಿ ಮೂರು ಪಾಸಾದ್ರೆ ಸ್ಕೂಲು ಚೆನ್ನಾಗಿದೆ ಅಂತೀರಾ ಸಾರ್?"

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಅಕ್ಕ ಪುಸ್ತಕದಲ್ಲಿ 'ಬೇಡ' ಬರೆದು ಸಹಿ ಹಾಕಿದಳು. ಸಾಹೇಬರು ಆ ಪುಟವನ್ನು ಒಂದು ಗಳಿಗೆ ನೋಡಿ, ಏನೂ ಅನ್ನದೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯುವವನನ್ನು ನಾನು ನಂಬುತ್ತೇನೆ; ಸುಮ್ಮನೆ ಹೋಗುವವನನ್ನಲ್ಲ.

ಎರಡು ದಿನ ಬಿಟ್ಟು ಅವರು ನನ್ನ ಕಡಾಯಿಯ ಹತ್ತಿರ ಬಂದರು. ಆಗ ನಾನು ಹಂಗಾಮಿ ನೌಕರ. ಏಳು ವರ್ಷದಿಂದ ಹಂಗಾಮಿ. ಖಾಯಂ ಮಾಡುವ ಕಡತ ಅವರ ಮೇಜಿನ ಮೇಲಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಸಾಸು ಹರಿಯುವ ಕೊಳವೆಯ ಸುತ್ತ ಇನ್ನೊಂದು ಕೊಳವೆ ಇರುತ್ತದೆ. ಆ ಹೊರಗಿನದರಲ್ಲಿ ಹಬೆ ಹರಿಯುತ್ತ, ದಾರಿಯಲ್ಲಿ ಸಾಸು ಆರದಂತೆ ಕಾಯುತ್ತದೆ. ಸಾಹೇಬರು ಅದನ್ನು ಬೆರಳಲ್ಲಿ ತೋರಿಸಿ, "ಇದಕ್ಕೆ ಹಬೆ ಬದಲು ತಣ್ಣೀರು ಬಿಟ್ರೆ?" ಅಂದರು.

"ನಳಿಕೆಗೆ ಬರೋ ಹೊತ್ತಿಗೆ ಅರವತ್ತಾರೋ ಅರವತ್ತೇಳೋ ಆಗುತ್ತೆ ಸಾರ್."

"ಆಗ ಬಾಟಲಿ ಸೊಟ್ಟಗಾಗಲ್ಲ ತಾನೇ?"

"ಬಾಟಲಿ ಆಗಲ್ಲ. ಆದ್ರೆ ಸಾಸು..."

"ಸಾಸಲ್ಲಿ ಹುಳಿ ಇದೆ, ಉಪ್ಪಿದೆ, ಸಕ್ಕರೆ ಇದೆ. ಏನೂ ಆಗಲ್ಲ. ಕಡಾಯಿಯಲ್ಲಿ ಬಿಸಿ ಎಷ್ಟಿರುತ್ತೆ?"

"ಎಂಬತ್ತೆಂಟು."

"ಮತ್ತೇನು! ಪುಸ್ತಕಕ್ಕೆ ಎಂಬತ್ತೆಂಟೇ ಬರಿ. ಸುಳ್ಳೇನಲ್ಲವಲ್ಲ? ನಿನ್ನ ಕಡತ ಈ ವಾರ ನೋಡ್ತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನಾನು ಆ ನಲ್ಲಿ ತಿರುಗಿಸಿದೆ. ಮೇಷ್ಟರ ಬೆತ್ತ ಮುರಿದ ಕೈ ಇದೇ. ಕಾರಣವಿಲ್ಲದ ಕಡೆ ಹತ್ತು ಊರಿಗೆ ಕೇಳುವಂತೆ ಕೂಗುವ ನನಗೆ ಅಲ್ಲಿ ಒಂದು 'ಇಲ್ಲ' ಬಾಯಿಂದ ಬರಲಿಲ್ಲ. ಈಗ ಬರೆಯುವಾಗಲೂ ಮೈ ಉರಿಯುತ್ತದೆ, ಅವರ ಮೇಲಲ್ಲ.

ನಳಿಕೆಯ ಹತ್ತಿರ ಇದ್ದ ಬಿಸಿ ಅಳೆಯುವ ಮೀಟರು ಕೆಟ್ಟು ತಿಂಗಳುಗಳಾಗಿದ್ದವು; ರಿಪೇರಿಗೆ ಹೋದದ್ದು ಬಂದಿರಲಿಲ್ಲ. ಅಲ್ಲಿ ಮೀಟರು ಅಂದರೆ ಅಕ್ಕನ ಕೈ. ತುಂಬಿದ ಬಾಟಲಿಗೆ ಬೆರಳ ಹಿಂಬದಿ ತಾಗಿಸಿ ಅವಳು ಡಿಗ್ರಿ ಹೇಳುತ್ತಿದ್ದಳು. ಒಂದೆರಡು ಡಿಗ್ರಿ ಆಚೀಚೆ, ಅಷ್ಟೇ.

ಅವತ್ತು ಮೊದಲ ಬಾಟಲಿಗೆ ಕೈ ತಾಗಿಸಿ ಹಿಂದೆ ತೆಗೆದಳು. ಮತ್ತೆ ತಾಗಿಸಿದಳು. ಇನ್ನೊಂದು ಬಾಟಲಿಗೆ ತಾಗಿಸಿದಳು. ಸಾಲು ನಿಲ್ಲಿಸಿ ನನ್ನ ಹತ್ತಿರ ಬಂದಳು.

"ಏ ಕುಕ್ಕರ್, ಇದು ಬಿಸಿ ಅಲ್ಲ ಕಣೋ. ಬೆಚ್ಚಗಿದೆ. ಮಗೂಗೆ ಸ್ನಾನ ಮಾಡಿಸ್ಬಹುದು."

"ಮೀಟರ್ ನೋಡಕ್ಕ. ಎಂಬತ್ತೆಂಟು."

ಅವಳು ಮೀಟರು ನೋಡಿದಳು. ಕಡಾಯಿಯ ಮೀಟರು. ಮುಳ್ಳು ಎಂಬತ್ತೆಂಟರ ಮೇಲೆ ಕೂತಿತ್ತು. ಆಮೇಲೆ ನನ್ನ ಮುಖ ನೋಡಿದಳು.

"ನಿಜಾನಾ?"

"ನಾನೇನು ಸುಳ್ಳು ಹೇಳ್ತೀನಾ?" ಅಂತ ರೇಗಿದೆ. ತಪ್ಪು ಮಾಡಿದವನ ರೇಗು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಗೊತ್ತೇ?

ಅವಳು ಬೆರಳನ್ನು ಸೆರಗಿಗೆ ಉಜ್ಜಿಕೊಂಡಳು. "ಹಂಗಾದ್ರೆ ನನ್ನ ಕೈಗೇ ವಯಸ್ಸಾಯ್ತು ಅನ್ಸುತ್ತೆ. ಸುಟ್ಟು ಸುಟ್ಟು ಚರ್ಮ ಸತ್ತಿರ್ಬೇಕು" ಅಂದಳು. ವಾಪಸು ಹೋಗಿ ಸಾಲು ಶುರು ಮಾಡಿದಳು. ಅದೇ ಹಗುರ ಬಾಟಲಿಗಳಲ್ಲಿ ಹತ್ತರ ಪರೀಕ್ಷೆ ಮತ್ತೆ ಆಯಿತು, ಈ ಸಲ ಎಲ್ಲವೂ ನೆಟ್ಟಗೆ ನಿಂತವು. ಪುಸ್ತಕದಲ್ಲಿ 'ಆಗಲಿ' ಬರೆದು ಸಹಿ ಹಾಕಿದಳು. ತಲೆಕೆಳಗು ಮಾಡಿದ ಬಾಟಲಿಗಳ ಮುಂದೆ ನಿಂತು ಮೂರು ನಿಮಿಷ ಎಣಿಸಿದಳು, ಒಂದು ಸೆಕೆಂಡೂ ಕಡಿಮೆ ಮಾಡದೆ. ಅರವತ್ತಾರು ಡಿಗ್ರಿಯಲ್ಲಿ ಮೂರು ನಿಮಿಷವಲ್ಲ, ಮೂರು ಗಂಟೆ ನಿಲ್ಲಿಸಿದರೂ ಆ ಸಾಸನ್ನು ನಾನು ನಂಬುತ್ತಿರಲಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಗಡಿಯಾರವನ್ನೇ ನಂಬದವಳು ನನ್ನ ಬಾಯಿಮಾತು ನಂಬಿ ತನ್ನ ಕೈಯನ್ನು ಅನುಮಾನಿಸಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಮಾಡಿದ ತಪ್ಪು ಇದೊಂದೇ.

ನಲವತ್ತು ದಿನಕ್ಕೆ ಲಾರಿಗಳು ವಾಪಸು ಬಂದವು. ಬಾಟಲಿಗಳ ತಳ ಉಬ್ಬಿ, ನಿಲ್ಲಿಸಿದರೆ ಉರುಳುತ್ತಿದ್ದವು. ಮುಚ್ಚಳ ತಿರುಗಿಸಿದರೆ ಬುಸ್ಸೆಂದು ನೊರೆ. ಗೋದಾಮಿನ ತುಂಬ ಹುಳಿ ನಾತ. ಯಾರೂ ಸಾಯಲಿಲ್ಲ, ಪುಣ್ಯ. ಆ ನಾತಕ್ಕೆ ಯಾರೂ ತಿಂದಿರಲಿಕ್ಕಿಲ್ಲ.

ಆಫೀಸಿನಲ್ಲಿ ಲೆಕ್ಕಾಚಾರ ನಡೆಯಿತು. ಬಿಸಿ ಸರಿ ಇತ್ತೇ? ಪುಸ್ತಕದಲ್ಲಿ ಎಂಬತ್ತೆಂಟಿದೆ. ಬಾಟಲಿ ಸರಿ ಇತ್ತೇ? ಪುಸ್ತಕದಲ್ಲಿ 'ಆಗಲಿ' ಇದೆ. ಮೂರು ನಿಮಿಷ? ಇದೆ. ಹಾಗಾದರೆ ಉಳಿದದ್ದು ಏನು? ಮುಚ್ಚಳ ಮುಟ್ಟಿದ ಕೈ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಅಕ್ಕನನ್ನು ಮನೆಗೆ ಕಳಿಸಿ, ವಿಚಾರಣೆಗೆ ದಿನ ಗೊತ್ತು ಮಾಡಿದರು.

ವಿಚಾರಣೆಯ ಹಿಂದಿನ ದಿನ ಸಂಜೆ ಅಕ್ಕ ನಮ್ಮ ಬೀದಿಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ನಾನು ಗ್ರಾಂ ಸಾಹೇಬರ ಏಳು ತಲೆಮಾರನ್ನು ಬೈಯತೊಡಗಿದೆ. ಅವಳು ಕೈ ಎತ್ತಿ ತಡೆದಳು.

"ನಲ್ಲಿ ತಿರುಗಿಸಿದ್ದು ನೀನೇ ತಾನೇ?"

ನಾನು ತಲೆ ತಗ್ಗಿಸಿದೆ.

"ನನಗೆ ಮಾರನೇ ದಿನಾನೇ ಗೊತ್ತಾಯ್ತು. ಮನೇಲಿ ಕುದಿಯೋ ನೀರಿನ ಪಾತ್ರೆ ಮುಟ್ಟಿ ನೋಡ್ದೆ. ಚುರ್ ಅಂತು. ಕೈ ಸತ್ತಿಲ್ಲ ಅಂತ ಗೊತ್ತಾಯ್ತು. ಆದ್ರೆ ಸಹಿ ಹಾಕಿಬಿಟ್ಟಿದ್ದೆ. ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಸುಮ್ನಾದೆ. ಅದು ನನ್ನ ತಪ್ಪು, ಒಪ್ಕೋತೀನಿ."

ನನ್ನ ಹೆಂಡತಿ ಒಳಗಿನಿಂದ ಬಂದು ನೀರು ಕೊಟ್ಟಳು. ಅಕ್ಕ ಕುಡಿದು ಲೋಟ ಹಿಂದೆ ಕೊಟ್ಟಳು.

"ನಾಳೆ ಜಗಳ ಬೇಡ ತಮ್ಮ. ಯಾರನ್ನೂ ಬೈಬೇಡ. ನಾನು ಹೇಳಿದ್ರೆ ನಂಬಲ್ಲ, ಪುಸ್ತಕದಲ್ಲಿ ನನ್ನದೇ ಸಹಿ ಇದೆ. ಒಂದೇ ಮಾತು ಹೇಳು. 'ಕಡಾಯಿಯಲ್ಲಿ ಎಂಬತ್ತೆಂಟಿತ್ತು, ನಳಿಕೆಯಲ್ಲಿ ಅರವತ್ತಾರಿತ್ತು, ಅಕ್ಕ ಕೇಳಿದಾಗ ನಾನು ಸುಳ್ಳು ಹೇಳಿದೆ.' ಅಷ್ಟೇ. ಕೆಲಸ ಕೊಡದಿದ್ರೂ ಪರವಾಗಿಲ್ಲ ನನಗೆ. ಆಸ್ಪತ್ರೆ ಅಡುಗೆಮನೇಲಿ ಬಾ ಅಂದಿದಾರೆ. ಕೈ ಮೇಲೆ ಮಾತು ಬರ್ಬಾರದು ಅಷ್ಟೇ. ಅನ್ನ ಹಾಕೋ ಕೈ ಇದು."

"ಹೇಳ್ತೀನಕ್ಕ. ಆಣೆ."

"ಆಣೆ ಗೀಣೆ ಬೇಡ. ಕುಕ್ಕರ್ ಆಗ್ಬೇಡ, ಅಷ್ಟು ಸಾಕು."

ಮಾರನೆಯ ದಿನ ಉದ್ದ ಮೇಜಿನ ಹಿಂದೆ ವಿಚಾರಣೆಯ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ, ಆ ಪಕ್ಕದಲ್ಲಿ ಗ್ರಾಂ ಸಾಹೇಬರು. ಅಕ್ಕ ಗೋಡೆಯ ಕಡೆ ಬೆಂಚಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು. ಅಧಿಕಾರಿ ನನ್ನನ್ನು ಕೇಳಿದರು, "ಆ ದಿನ ಬಿಸಿ ಎಷ್ಟಿತ್ತು?"

"ಕಡಾಯಿಯಲ್ಲಿ ಎಂಬತ್ತೆಂಟಿತ್ತು ಸ್ವಾಮಿ..." ಅಂದೆ. ಉಸಿರು ತೆಗೆದುಕೊಂಡೆ. ಮುಂದಿನ ಮಾತು ನಾಲಿಗೆಯ ಮೇಲಿತ್ತು, ಆಣೆಯನ್ನೂ ಮಾಡಿದ್ದೆ.

ಗ್ರಾಂ ಸಾಹೇಬರು ನಕ್ಕರು. "ನೋಡಿ, ಅವನೇ ಒಪ್ಪಿದ. ಎಂಬತ್ತೆಂಟು. ಬರ್ಕೊಳ್ಳಿ. ಅನಕ್ಷರಸ್ಥರಾದ್ರೂ ಕೆಲವರು ಸತ್ಯವಂತರಿರ್ತಾರೆ."

ಅನಕ್ಷರಸ್ಥ ಅಂದದ್ದಕ್ಕೋ, ಸತ್ಯವಂತ ಅಂದದ್ದಕ್ಕೋ, ನನಗೆ ಇವತ್ತಿಗೂ ತಿಳಿಯದು. ಕಣ್ಣು ಕತ್ತಲಾಯಿತು. "ಏನೋ ಅಂದೆ, ಕಳ್ಳ!" ಅಂತ ಹಾರಿದೆ. ಮೇಜಿನ ಮೇಲಿದ್ದ ನೀರಿನ ಜಗ್ಗು ಎತ್ತಿ ಎಸೆದೆ. ಅದು ಅವರಿಗೆ ತಾಗಲಿಲ್ಲ, ಹಿಂದಿನ ಕಪಾಟಿಗೆ ಬಡಿಯಿತು. ಅವರ ಅಪ್ಪ ಅಮ್ಮ ಯಾರನ್ನೂ ಬಿಡಲಿಲ್ಲ ನಾನು. ಎಂಟು ಗ್ರಾಂ ಅಂದೆ, ಕಳ್ಳ ಬಾಟಲಿ ಅಂದೆ, ಜನರ ಹೊಟ್ಟೆಗೆ ವಿಷ ಅಂದೆ. ಇಬ್ಬರು ಕಾವಲುಗಾರರು ರಟ್ಟೆ ಹಿಡಿದು ಎಳೆದರು. ಬಾಗಿಲ ಹತ್ತಿರ ಅಕ್ಕನ ದನಿ ಕೇಳಿತು: "ತಮ್ಮ, ಆ ಮಾತು ಹೇಳೋ! ಆ ಒಂದು ಮಾತು ಹೇಳ್ಬಿಟ್ಟು ಹೋಗೋ!"

ನಾನು ಇನ್ನೂ ಬೈಯುತ್ತಲೇ ಇದ್ದೆ. ಅವರನ್ನು ಬೈದೆ. ನಾನು ಮಾಡಿದ್ದನ್ನು ಹೇಳಲಿಲ್ಲ. ಬೈಗುಳ ಎಷ್ಟು ಬೇಕಾದರೂ ಬಂತು, ಆ ಒಂದು ಮಾತು ಬರಲಿಲ್ಲ.

ಗುಮಾಸ್ತ ಬರೆದದ್ದು ಎರಡೇ ಸಾಲು. ಸಾಕ್ಷಿಯು ಬಿಸಿ ಎಂಬತ್ತೆಂಟು ಡಿಗ್ರಿ ಇತ್ತೆಂದು ಒಪ್ಪಿರುತ್ತಾನೆ. ನಂತರ ವೈಯಕ್ತಿಕ ದ್ವೇಷದಿಂದ ದಾಂಧಲೆ ಮಾಡಿರುತ್ತಾನೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಇಲ್ಲಿ ಕೊಯ್ದದ್ದು ನಾನು, ಮೂಗು ಅಕ್ಕನದು.

ನನ್ನ ಗತಿ ಏನಾಯಿತು ಅಂತ ಕೇಳುತ್ತೀರಾ? ಹದಿನೈದು ದಿನ ಮನೆಯಲ್ಲಿ ಕೂರಿಸಿದರು. ಆಮೇಲೆ ಕರೆದು ಖಾಯಂ ಮಾಡಿದರು. ಹೌದು. ಗ್ರಾಂ ಸಾಹೇಬರೇ ಕಾಗದ ಕೊಟ್ಟು, "ಹಳೇದೆಲ್ಲ ಮರ್ತುಬಿಡಪ್ಪ" ಅಂದರು. ಕಾಗದವನ್ನು ಅವರ ಮುಖಕ್ಕೆ ಎಸೆಯಬೇಕಿತ್ತು. ಜಗ್ಗು ಎಸೆಯಲು ಬಂದ ಕೈಗೆ ಕಾಗದ ಎಸೆಯಲು ಬರಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡೆ. ಅವತ್ತು ಮನೆಯಲ್ಲಿ ಹೆಂಡತಿ ಅನ್ನ ಬಡಿಸಿ, ಎದುರಿಗೆ ಕೂರದೆ ಒಳಗೆ ಹೋದಳು. ಕಾರ್ಖಾನೆಯಲ್ಲಿ ಹಳೆಯ ಬಾಟಲಿಯನ್ನೇ ಮತ್ತೆ ತರಿಸಿದರು, ಹೊರ ಕೊಳವೆಗೆ ಮತ್ತೆ ಹಬೆ ಬಿಟ್ಟರು. ಅಂದರೆ ಅವರಿಗೂ ಗೊತ್ತಿತ್ತು!

ಅಕ್ಕ ಆ ಏಳು ಸಾಲಿನ ಕಾಗದ ಹಿಡಿದು ಆಸ್ಪತ್ರೆಯ ಅಡುಗೆಮನೆಗೆ ಹೋದಳು. ಹಿಂದಿನ ಕೆಲಸದ ಕಾಗದ ತೋರಿಸಿ ಅಂದರಂತೆ. ಇವಳು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಅಲ್ಲಿಯವರು ಏಳನೇ ಸಾಲು ಓದಿ, ರೋಗಿಗಳ ಊಟ ನೋಡಮ್ಮ, ತಪ್ಪು ತಿಳ್ಕೋಬೇಡ ಅಂದರಂತೆ. ಬಿಸ್ಕತ್ತಿನ ಕಾರ್ಖಾನೆಯಲ್ಲೂ ಅದೇ. ಶಾಲೆಯ ಕ್ಯಾಂಟೀನಿನಲ್ಲೂ ಅದೇ. ಗಂಡನ ಕಣ್ಣು ಅಷ್ಟರಲ್ಲಿ ಮಂಜಾಗಿತ್ತು, ಗಡಿಯಾರದ ಸಣ್ಣ ತಿರುಪು ಕಾಣುತ್ತಿರಲಿಲ್ಲ. ಮನೆ ನಡೆಯಬೇಕಲ್ಲ. ಅಕ್ಕ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಸೇರಿದಳು. ಬಟ್ಟೆ ಯಾರ ಬಾಯಿಗೂ ಹೋಗುವುದಿಲ್ಲವಲ್ಲ, ಅಲ್ಲಿ ಕಾಗದ ಕೇಳಲಿಲ್ಲ.

ಹತ್ತು ವರ್ಷ ನಾನು ಆ ಬೀದಿ ತಪ್ಪಿಸಿ ಓಡಾಡಿದೆ. ಹೋದ ವರ್ಷ ಒಂದು ದಿನ ತಪ್ಪಿಸಲಿಲ್ಲ. ಮಧ್ಯಾಹ್ನ, ಅಂಗಡಿಯಲ್ಲಿ ಅವಳೊಬ್ಬಳೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆರಳಿಗೆ ನೀರು ಹಚ್ಚಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಚುಯ್ಯೆಂದು ತಾಗಿಸಿ, ಒಂದು ಬಿಳಿ ಅಂಗಿ ಹಾಸಿದಳು.

"ಏನೋ ಕುಕ್ಕರ್, ಬಟ್ಟೆ ತಂದಿದೀಯಾ?"

ನಾನು ಹೇಳಿಬಿಟ್ಟೆ. ಅವತ್ತು ಹೇಳಬೇಕಾಗಿದ್ದ ಮಾತು, ಅವಳು ಕಲಿಸಿಕೊಟ್ಟ ಹಾಗೆಯೇ. ಕಡಾಯಿ, ನಳಿಕೆ, ಎಂಬತ್ತೆಂಟು, ಅರವತ್ತಾರು, ಸುಳ್ಳು ಹೇಳಿದ್ದು ನಾನು. ದನಿ ಏರಿಸಲಿಲ್ಲ.

ಅವಳು ಕಾಲರು ತಿರುಗಿಸಿ ಒತ್ತಿದಳು. "ನನಗ್ಯಾಕೆ ಹೇಳ್ತೀಯ? ನನಗೆ ಗೊತ್ತಿಲ್ವಾ? ಗೊತ್ತಿಲ್ಲದವರಿಗೆ ಹೇಳು. ಅವರ ಮೊಹರಿರೋ ಕಾಗದದ ಮೇಲೆ ಸುಳ್ಳಿದೆ. ಅದು ಸುಳ್ಳು ಅಂತ ಅವರ ಮೊಹರಲ್ಲೇ ಬರ್ಬೇಕು."

"ಈಗ ಅದರಿಂದ ಏನು ಬರುತ್ತಕ್ಕ? ನಿನಗೆ ಅರವತ್ತೆರಡು. ಇನ್ನು ಯಾವ ಅಡುಗೆಮನೆಗೆ ಹೋಗ್ತೀಯ?"

"ಕೆಲಸಕ್ಕೆ ಅಂತ ಯಾರು ಹೇಳಿದ್ರು ನಿನಗೆ?" ಅಂತ ಅವಳು ಮೊದಲ ಸಲ ನನ್ನ ಮೇಲೆ ರೇಗಿದಳು. "ನನ್ನ ಕೈ ಕಣೋ ಅದು!"

ನಾನು ಮಾರನೆಯ ದಿನವೇ ಕಾರ್ಖಾನೆಯ ಆಫೀಸಿಗೆ ಹೋದೆ. ಅಷ್ಟು ಹೊತ್ತಿಗೆ ಅದು ಬೇರೆ ಮಾಲೀಕರ ಕೈಗೆ ಹೋಗಿ ಎರಡು ವರ್ಷವಾಗಿತ್ತು, ನಾನೂ ಕೆಲಸ ಬಿಟ್ಟಿದ್ದೆ. ಗ್ರಾಂ ಸಾಹೇಬರು ಎಲ್ಲಿಗೋ ಹೋಗಿ ಎಲ್ಲೋ ದೊಡ್ಡವರಾಗಿದ್ದರು. ಕಿಟಕಿಯ ಹಿಂದೆ ಒಬ್ಬಳು ಹುಡುಗಿ, ಒಳ್ಳೆಯ ಹುಡುಗಿ, ನನ್ನ ಮಾತನ್ನು ಪೂರ್ತಿ ಕೇಳಿದಳು.

"ಅಂಕಲ್, ಹಳೇ ಮಾಲೀಕರ ಕಡತ ಯಾವುದೂ ಇಲ್ಲ. ಎಲ್ಲಾ ತೂಕಕ್ಕೆ ಹಾಕಿಬಿಟ್ರು."

"ನಾನು ಬರ್ದು ಕೊಡ್ತೀನಮ್ಮ, ಸಹಿ ಹಾಕ್ತೀನಿ, ನೀವು ಮೊಹರು ಹಾಕಿ."

"ಯಾವ ಕಡತಕ್ಕೆ ಸೇರಿಸ್ಲಿ? ಕಡತಾನೇ ಇಲ್ಲದ ಮೇಲೆ ತಿದ್ದೋದು ಏನನ್ನ? ಆ ಕಂಪನಿ ಹೆಸರೇ ಈಗಿಲ್ಲ."

ಬೈಯಲು ಬಾಯಿ ತೆರೆದೆ. ಬೈಯುವುದು ಯಾರನ್ನು? ಇದೆಲ್ಲ ನಡೆದಾಗ ಆ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿದ್ದಿರಬೇಕು. ಗೇಟಿನ ಹೊರಗೆ ಬಂದು ಕಾಂಪೌಂಡು ಗೋಡೆಗೆ ಒದ್ದೆ. ಕಾಲು ಉಳುಕಿತು.

ಕುಂಟುತ್ತಲೇ ಇಸ್ತ್ರಿ ಅಂಗಡಿಗೆ ಹೋದೆ. ಇಬ್ಬರು ಬಟ್ಟೆಗೆ ಕಾಯುತ್ತಿದ್ದರು. ಅವರು ಹೋಗುವವರೆಗೆ ನಿಂತಿದ್ದು, ಅಕ್ಕನಿಗೆ ಹೇಳಿದೆ. ಕಡತ ಇಲ್ಲ, ಮೊಹರು ಇಲ್ಲ, ಆ ಕಂಪನಿಯೇ ಇಲ್ಲ.

ಅವಳು ಪ್ಯಾಂಟಿನ ಮಡಿಕೆ ಕೂಡಿಸಿ, ಇಸ್ತ್ರಿಪೆಟ್ಟಿಗೆ ಎತ್ತಿ, ಮತ್ತೆ ಕೆಳಗಿಟ್ಟಳು.

"ಓಹೋ" ಅಂದಳು. ಅಷ್ಟೇ.

"ಹೊಟ್ಟೆಗೆ ಹಾಕ್ಕೊಂಡುಬಿಡಕ್ಕ."

"ಹಾಕ್ಕೊಳ್ಳೋಕೆ ಆಗಲ್ಲ ತಮ್ಮ" ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ನಾನು ಏನಾದರೂ ಅನ್ನಬಹುದಿತ್ತು. "ಬೇರೆ ಏನಾದ್ರೂ ಕೇಳು, ಕೊಡ್ತೀನಿ. ಮನೆಗೆ ಬಾ, ಊಟ ಹಾಕ್ತೀನಿ. ನಿನ್ನ ಹೆಂಡ್ತಿನೂ ಕರ್ಕೊಂಡು ಬಾ. ಇದೊಂದು ಕೇಳ್ಬೇಡ."

ನಾವು ಹೋದೆವು. ಊಟ ಹಾಕಿದಳು. ಆ ಕೈಯಿಂದಲೇ ಬಡಿಸಿದಳು, ನನ್ನ ತಟ್ಟೆಗೆ ಎರಡೆರಡು ಸಲ. ಈಗಲೂ ಆಗಾಗ ಹೋಗುತ್ತೇವೆ. ಆ ಒಂದು ಮಾತಿನ ಸಾಲ ಮಾತ್ರ ನನ್ನ ಮೇಲೆ ಉಳಿದಿದೆ. ಅದನ್ನು ತೀರಿಸಬೇಕಾಗಿದ್ದ ವಿಚಾರಣೆಯ ಮೇಜು ಈಗ ಎಲ್ಲೂ ಇಲ್ಲ, ಅವಳು ಅದನ್ನು ಮನ್ನಾ ಮಾಡುವುದೂ ಇಲ್ಲ.